ಎರಡು ಕೈ ಅಗಲದ ಮನೆ

ಆಕೆಯ ಎಡಗಣ್ಣು ಹೋದದ್ದು ಕೆಲಸದ ಮೇಲಿದ್ದಾಗಲೇ. ಸ್ಟುಡಿಯೋದಲ್ಲಿ ಪರದೆ ಇಳಿಬಿಡಲು ಬಿಗಿದಿದ್ದ ಉಕ್ಕಿನ ತಂತಿ ಕೊಂಡಿಯಿಂದ ಕಳಚಿ, ಚಾವಟಿಯ ಹಾಗೆ ಬಂದು ಮುಖಕ್ಕೆ ಬಡಿಯಿತು. ಆಗ ಆಕೆಗೆ ಮೂವತ್ತೆಂಟು. ಅದೇ ಸ್ಟುಡಿಯೋದಲ್ಲಿ ಹದಿನಾರು ವರ್ಷ ಪಾಸ್‌ಪೋರ್ಟ್ ಫೋಟೋದಿಂದ ಹಿಡಿದು ಮದುವೆಯ ಆಲ್ಬಮ್‌ವರೆಗೆ ಎಲ್ಲವನ್ನೂ ತೆಗೆದ ಕೈ. ಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಬಂದ ಮಾಲೀಕ ಕೆಟ್ಟವನೇನಲ್ಲ. ಹಾಸಿಗೆಯ ಪಕ್ಕ ಕೂತು ಎರಡು ಹನಿ ಕಣ್ಣೀರನ್ನೂ ಹಾಕಿದ. ಆದರೆ ಆಕೆ ಕೆಲಸಕ್ಕೆ ಮರಳಿದ ದಿನ ಕ್ಯಾಮೆರಾ ಇಡುವ ಬೀರುವಿಗೆ ಬೀಗ ಬಿದ್ದಿತ್ತು.

“ಇನ್ಮೇಲೆ ನೀವು ಕೌಂಟರ್ ನೋಡ್ಕೊಳ್ಳಿ,” ಎಂದ ಮಾಲೀಕ. “ಆರಾಮಾಗಿ ಕೂತು ಮಾಡೋ ಕೆಲಸ. ಈ ಕಣ್ಣಲ್ಲಿ ಫೋಟೋ ತೆಗೆಯೋದು ಹೇಗೆ, ನೀವೇ ಹೇಳಿ.”

“ಯಜಮಾನ್ರೇ, ಕ್ಯಾಮೆರಾಗೆ ಎಷ್ಟು ಕಣ್ಣಿರುತ್ತೆ?”

ಉತ್ತರಕ್ಕೆ ಕಾಯುವ ತಾಳ್ಮೆ ಆಕೆಗಿರಲಿಲ್ಲ. ಬ್ಯಾಗು ಹೆಗಲಿಗೇರಿಸಿ ಸರಸರನೆ ಹೊರಟವಳು, ಮೆಟ್ಟಿಲ ಪಕ್ಕದ ಕಂಬಿ ಹಿಡಿಯಲು ಕೈಚಾಚಿದರೆ ಕಂಬಿ ಅಲ್ಲಿರಲಿಲ್ಲ. ಒಂದು ಗೇಣು ಆಚೆಗಿತ್ತು. ಎರಡು ಮೆಟ್ಟಿಲು ಜಾರಿ ಕುಕ್ಕರಿಸಿದಳು. ಮೇಲಿನಿಂದ ಯಾರೋ “ಅಯ್ಯೋ” ಎಂದರು. ಆಕೆ ಹಿಂತಿರುಗಿ ನೋಡಲಿಲ್ಲ. ಬಟ್ಟೆ ಕೊಡವಿಕೊಂಡು ಎದ್ದಳು, ಉಳಿದ ಮೆಟ್ಟಿಲುಗಳನ್ನು ಗೋಡೆ ಸವರಿಕೊಂಡು ಇಳಿದಳು, ಬಸ್ಸು ಹತ್ತಿ ತಂಗಿಯ ಮನೆಗೆ ಹೋದಳು.

ಒಂದು ಕಣ್ಣು ಹೋದರೆ ಅರ್ಧ ಜಗತ್ತು ಕಾಣುವುದಿಲ್ಲವೆಂದು ಜನ ತಿಳಿದಿದ್ದರು. ಹಾಗೇನಿಲ್ಲ, ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ. ಆದರೆ ಗೋಡೆಗೆ ಅಂಟಿಸಿದ ಚಿತ್ರದ ಹಾಗೆ ಚಪ್ಪಟೆಯಾಗಿ ಕಾಣುತ್ತದೆ. ಯಾವುದು ಹತ್ತಿರ, ಯಾವುದು ದೂರ ಎನ್ನುವುದು ಕೈಗೆ ತಿಳಿಯುವುದಿಲ್ಲ. ತಂಗಿಯ ಮನೆಯಲ್ಲಿ ಮೊದಲ ತಿಂಗಳು ಆಕೆ ಬಗ್ಗಿಸಿದ ಚಹಾ ಲೋಟಕ್ಕಿಂತ ಮೇಜಿನ ಮೇಲೆಯೇ ಹೆಚ್ಚು ಬಿತ್ತು. ಪ್ಲಂಬರ್ ಕೆಲಸ ಮಾಡುತ್ತಿದ್ದ ತಂಗಿಯ ಗಂಡ ನಗಿಸಲು ನೋಡುತ್ತಿದ್ದ: “ಅತ್ತಿಗೆ, ಮೇಜಿಗೆ ಬೆಳಿಗ್ಗೆಯಿಂದ ಮೂರನೇ ಚಹಾ. ನಮಗೂ ಒಂದು ಲೋಟ ಉಳಿಸಿ.” ಆಕೆ ನಗುತ್ತಿರಲಿಲ್ಲ. ಮತ್ತೆ ಬಗ್ಗಿಸುತ್ತಿದ್ದಳು.

ಆರು ತಿಂಗಳು ಹಾಗೆಯೇ ಪಟ್ಟು ಹಿಡಿದು ಕಲಿತಳು. ನೆಲದ ಹಾಸುಗಲ್ಲಿನ ಗೆರೆಗಳು ದೂರ ಹೋದಂತೆ ಹೇಗೆ ಒಂದಕ್ಕೊಂದು ಸಮೀಪಿಸುತ್ತವೆ, ಕುರ್ಚಿಯ ನೆರಳು ಎಲ್ಲಿಗೆ ಮುಗಿಯುತ್ತದೆ, ಯಾವ ವಸ್ತು ಯಾವುದನ್ನು ಮರೆಮಾಡುತ್ತದೆ, ಬೆಳಕು ಒಳಗೆ ಹೋಗುತ್ತಾ ಎಲ್ಲಿ ಸೊರಗುತ್ತದೆ ಎಂದು ಗಮನಿಸಿ ಗಮನಿಸಿ, ದೂರವನ್ನು ಲೆಕ್ಕ ಹಾಕುವುದನ್ನು ಅಭ್ಯಾಸ ಮಾಡಿಕೊಂಡಳು. ಒಂದು ದಿನ ಚಹಾ ಪೂರ್ತಿಯಾಗಿ ಲೋಟಕ್ಕೇ ಬಿತ್ತು. ಅದೇ ಸಂಜೆ ತನ್ನ ಸ್ವಂತ ಹಳೇ ಕ್ಯಾಮೆರಾ ಹೊರತೆಗೆದು ತಂಗಿಯ ಅಡುಗೆಮನೆಯ ಒಂದು ಫೋಟೋ ತೆಗೆದಳು. ತಂಗಿ ಅದನ್ನು ನೋಡಿ, “ಅಕ್ಕಾ, ಒಳಗೆ ಕೈ ಹಾಕ್ಬಹುದು ಅನ್ಸುತ್ತೆ,” ಎಂದಳು.

ಎರಡು ಕಣ್ಣಿರುವವರು ಕೋಣೆಯ ಆಳ ತಮಗೆ ಕಂಡಂತೆ ಫೋಟೋದಲ್ಲೂ ಬರುತ್ತದೆಂದು ನಂಬಿಕೊಂಡು ಗುಂಡಿ ಒತ್ತುತ್ತಾರೆ. ಅದು ಬರುವುದಿಲ್ಲ. ಬರುವುದಿಲ್ಲವೆಂದು ಆಕೆಗೆ ಗೊತ್ತಿತ್ತು. ಆದ್ದರಿಂದ ತಾನೇ ಅದನ್ನು ಕಟ್ಟುತ್ತಿದ್ದಳು: ಒಳಕೋಣೆಯ ಬಾಗಿಲು ಅರ್ಧ ತೆರೆದಿಟ್ಟು, ಮುಂದೊಂದು ಸ್ಟೂಲು ಎಳೆದು, ಹಿಂದಿನ ಕೋಣೆಯ ಕಿಟಕಿಯ ಪರದೆ ಸರಿಸಿ.

ಮಾರಾಟಕ್ಕಿಟ್ಟ ಮನೆಗಳಿಗೆ ನಲ್ಲಿ ಸರಿಮಾಡಲು ಹೋಗುತ್ತಿದ್ದ ತಂಗಿಯ ಗಂಡನೇ ಮೊದಲ ಗಿರಾಕಿಯನ್ನು ಹಿಡಿದು ತಂದ. ಆಮೇಲೆ ಎರಡು, ಆಮೇಲೆ ನಾಲ್ಕು. ಆಕೆ ಒಂದು ಬೋರ್ಡು ಬರೆಸಿ ತಂಗಿಯ ಮನೆಯ ಗೇಟಿಗೆ ತೂಗುಹಾಕಿದಳು: ‘ಒಂದು ಕಣ್ಣು ಫೋಟೋ’. ತಂಗಿ ಅತ್ತೇಬಿಟ್ಟಳು.

“ಯಾಕಕ್ಕಾ ಹೀಗೆ ಬರೆಸ್ದೆ? ಜನ ಆಡ್ಕೊಳ್ಳಲ್ವಾ?”

“ಬೆನ್ನ ಹಿಂದೆ ಅಂತಿದ್ದಿದ್ದನ್ನ ಮುಂದೆ ಬರೆಸಿದೀನಿ. ಪಾಪ, ಅವರಿಗೆ ಪಿಸುಗುಟ್ಟೋ ಕಷ್ಟ ತಪ್ಪಿತು.”

ಮನೆ ಮಾರಿಸುವ ಬ್ರೋಕರ್ ಒಬ್ಬ ಆ ಬೋರ್ಡು ನೋಡಿಯೇ ಗೇಟು ತಟ್ಟಿದ. ಅವನನ್ನು ಎಲ್ಲರೂ ‘ಆಗೋಯ್ತು ಸಾರ್’ ಎನ್ನುತ್ತಿದ್ದರು. ಎಂಥ ಮನೆಯೇ ಆಗಲಿ, ಬಾಗಿಲಲ್ಲೇ ನಿಂತು “ಇದು ಆಗೋಯ್ತು ಅಂತಾನೇ ತಿಳ್ಕೊಳ್ಳಿ” ಎನ್ನುವುದು ಅವನ ರೂಢಿ. ನಾಲ್ಕು ವರ್ಷ ಅವನ ಹೆಚ್ಚಿನ ಮನೆಗಳಿಗೆ ಆಕೆಯೇ ಫೋಟೋ ತೆಗೆದಳು. ಜನ ‘ಫೋಟೋ ಅಕ್ಕ’ ಎಂದು ಕರೆಯತೊಡಗಿದರು. ಅಕ್ಕನ ಕೈಗುಣ ಎಂದರು. ಕೈಗುಣವೂ ಅಲ್ಲ, ಮಣ್ಣೂ ಅಲ್ಲ. ಆಕೆ ಪ್ರತಿ ಮನೆಗೂ ಎರಡು ದಿನ ಕೇಳುತ್ತಿದ್ದಳು. ಮೊದಲ ದಿನ ಕ್ಯಾಮೆರಾ ತರುತ್ತಲೇ ಇರಲಿಲ್ಲ. ಎಲ್ಲ ಕಿಟಕಿ ತೆರೆದು, ಎಲ್ಲ ದೀಪ ಆರಿಸಿ, ಬಿಸಿಲು ಯಾವ ಹೊತ್ತಿಗೆ ಯಾವ ಗೋಡೆಗೆ ಬರುತ್ತದೆಂದು ನೋಡುತ್ತಾ ಕೂರುತ್ತಿದ್ದಳು. ಆಮೇಲೆ ಮನೆಯವರ ಬೆನ್ನು ಹತ್ತುತ್ತಿದ್ದಳು: ಫ್ರಿಡ್ಜಿಗೆ ಅಂಟಿಸಿದ ಚೀಟಿ ತೆಗೀರಿ, ಬಕೆಟ್ ಎತ್ತಿಡಿ, ಆ ಟವೆಲ್ ಬೇಡ, ಕುರ್ಚಿ ಮೇಲಿನ ಬಟ್ಟೆ ಗುಡ್ಡೆ ಬೇಡ. “ಮನೆ ನಿಮ್ಮದು ಅಂತ ನಿಮಗೆ ಗೊತ್ತು,” ಎನ್ನುತ್ತಿದ್ದಳು. “ಬರೋರಿಗೆ ತಮ್ಮದು ಅನ್ನಿಸೋಕೆ ಒಂಚೂರು ಜಾಗ ಬಿಡಿ.”

ಐದನೇ ವರ್ಷದ ಶುರುವಿನಲ್ಲಿ ಬ್ರೋಕರ್ ಆಕೆಯನ್ನು ಆಫೀಸಿಗೆ ಕರೆಸಿದ. ಒಂದು ವರ್ಷದಿಂದ ಕೆಲವು ಮನೆಗಳಿಗೆ ಅವನೇ ಫೋಟೋ ತೆಗೆಯುತ್ತಿದ್ದ ಮೊಬೈಲ್ ಫೋನ್ ಮೇಜಿನ ಮೇಲಿತ್ತು.

“ಅಕ್ಕಾ, ಬೇಜಾರು ಮಾಡ್ಕೋಬೇಡಿ. ಇದ್ರಲ್ಲಿ ಒಂದ್ಸಲ ಒತ್ತಿದ್ರೆ ಸಾಕು, ಕೋಣೆ ಎರಡರಷ್ಟು ಆಗುತ್ತೆ. ಗೋಡೆ ಬೆಳ್ಳಗಾಗುತ್ತೆ. ಐದೇ ನಿಮಿಷದ ಕೆಲಸ. ಜನ ನೋಡೋದು ಏರಿಯಾ, ರೇಟು. ಫೋಟೋನ ಯಾರು ನೋಡ್ತಾರೆ?”

“ಮೊದಲು ನೋಡೋದೇ ಫೋಟೋ, ಸಾರ್. ಏರಿಯಾ ಗೊತ್ತಾಗೋದು ಬಂದ ಮೇಲೆ.”

“ಇರ್ಲಿ ಬಿಡಿ. ನಿಮ್ಮನ್ನೇನು ಕೈಬಿಡಲ್ಲ ನಾನು. ಇಲ್ಲೇ ಆಫೀಸಲ್ಲಿ, ಮುಂದಿನ ಕೌಂಟರಲ್ಲಿ ಕೂತ್ಕೊಳ್ಳಿ. ನೆರಳಲ್ಲಿ ಕೆಲಸ, ಫ್ಯಾನ್ ಇದೆ.”

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಹಿಂದೆ ಇನ್ನೊಬ್ಬನೂ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದ. ಆಕೆಗೆ ಮೈಯೆಲ್ಲ ಉರಿದುಹೋಯಿತು. ಇವರಿಗೆಲ್ಲ ನನ್ನನ್ನು ಕಂಡರೆ ಕೌಂಟರೇ ಯಾಕೆ ನೆನಪಾಗುತ್ತದೆ ಎಂದುಕೊಂಡಳು.

ಆಕೆ ಬಾಯಿ ತೆರೆಯುವ ಮುನ್ನ ಬಾಗಿಲು ದಡಾರೆಂದು ತೆರೆದುಕೊಂಡು ಒಬ್ಬ ಹೆಂಗಸು ಒಳನುಗ್ಗಿದಳು. ಶಾಲಾ ವ್ಯಾನ್ ಓಡಿಸುವ ಡ್ರೈವರನ ಹೆಂಡತಿ. ಅವಳಿ ಮಕ್ಕಳ ತಾಯಿ. ಇವರ ಮನೆ ಹನ್ನೊಂದು ತಿಂಗಳಿಂದ ಮಾರಾಟಕ್ಕಿತ್ತು. ಬೇರೆ ಮನೆ ಗೊತ್ತುಮಾಡಿ ಆಗಿತ್ತು, ಅಲ್ಲಿಗೆ ಹೋಗುವ ದಿನ ಹತ್ತಿರ ಬರುತ್ತಿತ್ತು, ಇದು ಮಾತ್ರ ಜಪ್ಪಯ್ಯ ಅಂದರೂ ಕದಲುತ್ತಿರಲಿಲ್ಲ.

“ಸಾರ್, ಇವತ್ತೂ ಇಬ್ಬರು ಬಂದಿದ್ರು. ಒಳಗೆ ಕಾಲಿಟ್ಟು ನಕ್ಕರು ಸಾರ್! ಫೋಟೋದಲ್ಲಿ ಮೈದಾನ, ಬಂದು ನೋಡಿದ್ರೆ ಓಣಿ ಅಂದರು. ನಾವೇ ಮೋಸ ಮಾಡಿದ ಹಾಗೆ ನಮ್ಮ ಮುಖ ನೋಡ್ತಾರೆ.”

“ರೇಟ್ ಇಳಿಸೋಣ. ಆಗೋಯ್ತು ಅಂತ—”

“ನೋಡ್ಲಾ?” ಎಂದು ಫೋಟೋ ಅಕ್ಕ ಕೈ ಚಾಚಿದಳು. ಮೊಬೈಲಿನಲ್ಲಿ ಆ ಮನೆಯ ಚಿತ್ರಗಳಿದ್ದವು. ಗೋಡೆಗಳು ಎರಡೂ ಬದಿಗೆ ಎಳೆದ ರಬ್ಬರಿನಂತೆ ಬಾಗಿದ್ದವು. ಬಾಗಿಲ ಚೌಕಟ್ಟು ಸೊಟ್ಟಗಿತ್ತು. ಕೋಣೆ ತುಂಬ ಆಸ್ಪತ್ರೆಯ ಬಿಳುಪು. ಆಕೆ ಒಂದೊಂದನ್ನೇ ನೋಡಿ ಮುಗಿಸಿ ಕೇಳಿದಳು: “ನಿಮ್ಮ ಮನೆಗೆ ಬೆಳಕು ಎಲ್ಲಿಂದ ಬರುತ್ತಮ್ಮಾ?”

ಹೆಂಗಸು ಆಕೆಯ ಕಡೆ ತಿರುಗಿದಳು. “ಬೆಳಿಗ್ಗೆ ಹಿಂದಿನ ಬಾಗಿಲಿಂದ. ಅಡುಗೆಮನೆ ಪೂರ್ತಿ ತುಂಬುತ್ತೆ. ಹನ್ನೊಂದು ತಿಂಗಳಲ್ಲಿ ಯಾರೂ ಕೇಳ್ಲಿಲ್ಲ ಅಕ್ಕಾ ಇದನ್ನ.”

“ನಾಳೆ ಬರ್ತೀನಿ.”

“ಅಕ್ಕಾ, ಆ ಮನೆ ನಮ್ಮ ಆಫೀಸಿಂದು,” ಎಂದ ಬ್ರೋಕರ್.

“ಮನೆ ನಮ್ಮದು ಸಾರ್,” ಎಂದಳು ಡ್ರೈವರನ ಹೆಂಡತಿ, ಕಡ್ಡಿ ಮುರಿದ ಹಾಗೆ.

ಮಾರನೇ ದಿನ ಫೋಟೋ ಅಕ್ಕ ಹೋಗಿ ನೋಡಿದರೆ ಆ ಮನೆ ನಿಜವಾಗಿಯೂ ಓಣಿಯಂತೆಯೇ ಇತ್ತು. ಬೀದಿಯಿಂದ ಹಿತ್ತಿಲವರೆಗೆ ಒಂದರ ಹಿಂದೊಂದು ಮೂರು ಕೋಣೆ. ಮುಂದಿನದೂ ಹಿಂದಿನ ಅಡುಗೆಮನೆಯೂ ಪರವಾಗಿಲ್ಲ, ನಡುವಿನ ಉದ್ದನೆಯ ಕೋಣೆ ಮಾತ್ರ ಸಪೂರ. ಅದರಲ್ಲೊಂದು ಭಾರೀ ಗಾಜಿನ ಬೀರು. ಅದರ ತುಂಬ ಡ್ರೈವರ್ ಕೇರಂ ಪಂದ್ಯಗಳಲ್ಲಿ ಗೆದ್ದ ಕಪ್ಪುಗಳು. ಬೀರುವಿನ ಪಕ್ಕ ಮೈ ಓರೆ ಮಾಡಿಕೊಂಡೇ ದಾಟಬೇಕಿತ್ತು.

ಆಕೆ ಬೀರುವಿನ ಹಿಂದೆ ಕೈ ತೂರಿಸಿ ಗೋಡೆ ಸವರಿದಳು. “ಇಲ್ಲಿ ಚೌಕಟ್ಟಿದೆ. ಹಿಂದೆ ಕಿಟಕಿ ಇದೆಯಲ್ವಾ?”

ಆರಡಿಗೂ ಮೀರಿದ ಆಳು ಡ್ರೈವರ್. ಅವನು ನೆಲ ನೋಡಿದ. “ಇದೆ. ಬೀರು ಇಡೋಕೆ ಬೇರೆ ಜಾಗ ಇರ್ಲಿಲ್ಲ.”

“ಬೀರು ಹೊರಗೆ ಹೋಗ್ಬೇಕು.”

“ಆಗಲ್ಲ ಅಕ್ಕಾ. ಹೊಸ ಮನೆಗೆ ಹೋಗೋವರೆಗೆ ಇದು ಇಲ್ಲೇ ಇರುತ್ತೆ. ನನ್ನ ಹೆಸರು ಕೆತ್ತಿರೋ ಕಪ್ಪುಗಳು ಅವು. ಬರೋರು ನೋಡ್ಲಿ.”

“ಬರೋರು ನಿಮ್ಮನ್ನ ಕೊಂಡ್ಕೊಳ್ಳೋಕೆ ಬರ್ತಿಲ್ಲ, ಮನೇನ ಕೊಂಡ್ಕೊಳ್ಳೋಕೆ ಬರ್ತಿದ್ದಾರೆ.”

ಅವನ ಮೋರೆ ಕೆಂಪಾಯಿತು. ಆಕೆಯೂ ಜಗ್ಗಲಿಲ್ಲ. ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕೂತಳು. “ಕಿಟಕಿ ತೆರೆಯೋವರೆಗೆ ನಾನು ಕ್ಯಾಮೆರಾ ಮುಟ್ಟಲ್ಲ. ಬೇಕಾದ್ರೆ ಆ ಮೊಬೈಲಿನವರನ್ನೇ ಕರೆಸಿ.” ಅರ್ಧ ಗಂಟೆ ಕಳೆಯಿತು. ಕೊನೆಗೆ ಡ್ರೈವರನ ಹೆಂಡತಿ ಸೆರಗು ಬಿಗಿದು, ಕಪ್ಪುಗಳನ್ನು ಒಂದೊಂದಾಗಿ ತೆಗೆದು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಇಳಿಸತೊಡಗಿದಳು. ಬರಿದಾದ ಬೀರುವಿಗೆ ಒಬ್ಬಳೇ ಹೆಗಲು ಕೊಟ್ಟು ನೂಕಿದಳು. ಅದು ಕಿರ್ರೆಂದು ನಾಲ್ಕು ಬೆರಳಷ್ಟು ಸರಿಯಿತು.

“ಸೊಂಟ ಹಿಡ್ಕೊಳ್ಳುತ್ತೆ, ಬಿಡೇ,” ಎಂದ ಡ್ರೈವರ್. ಅವಳು ಬಿಡಲಿಲ್ಲ. ಅವನು ಗೊಣಗುತ್ತಾ ಬಂದು ಇನ್ನೊಂದು ತುದಿ ಹಿಡಿದ.

ಬೀರು ವ್ಯಾನ್ ನಿಲ್ಲಿಸುವ ಶೆಡ್ಡಿಗೆ ಹೋಯಿತು. ಕಿಟಕಿಯ ಚಿಲಕ ತುಕ್ಕು ಹಿಡಿದಿತ್ತು. ಎಣ್ಣೆ ಬಿಟ್ಟು ಸುತ್ತಿಗೆಯಿಂದ ತಟ್ಟಿ ತಟ್ಟಿ ತೆರೆದಾಗ ಒಂಬತ್ತು ವರ್ಷದ ಧೂಳು ಒಳಗೆ ಸುರಿಯಿತು, ಅದರ ಬೆನ್ನಿಗೇ ಬೆಳಕು. ಐದು ವರ್ಷದ ಅವಳಿಗಳು ಓಡಿಬಂದು ಕಂಬಿಗೆ ಮುಖ ಒತ್ತಿ ನಿಂತವು.

“ಅಮ್ಮಾ, ಇಲ್ಲಿ ಕಿಟಕಿ ಯಾವಾಗ ಬಂತು?”

ಡ್ರೈವರ್ ಪೆಚ್ಚಾಗಿ, “ಹೀಗಿತ್ತು ಅಂತ ಮರೆತೇ ಹೋಗಿತ್ತು,” ಎಂದ.

ಫೋಟೋ ತೆಗೆದದ್ದು ಮರುದಿನ ಬೆಳಿಗ್ಗೆ. ಮುಂದಿನ ಬಾಗಿಲಲ್ಲಿ ನಿಂತು, ಮೂರೂ ಬಾಗಿಲು ತೆರೆದಿಟ್ಟು, ಹಿತ್ತಿಲಿನ ಹಸಿರು ಗೇಟು ಕಾಣುವವರೆಗೆ ಒಂದೇ ಚಿತ್ರ. ನೆಲದ ಮೇಲೆ ಬೆಳಕು ಮೂರು ಕಡೆ ಬಿದ್ದಿತ್ತು: ಹತ್ತಿರ ಸ್ವಲ್ಪ, ನಡುವೆ ಕಿಟಕಿಯ ಕಂಬಿಗಳ ನೆರಳಿನೊಂದಿಗೆ, ದೂರದಲ್ಲಿ ಕಣ್ಣು ಕೋರೈಸುವಷ್ಟು. ಮನೆ ಸಪೂರ ಎನ್ನುವುದನ್ನು ಆಕೆ ಎಲ್ಲೂ ಮುಚ್ಚಲಿಲ್ಲ. ಬದಲಿಗೆ ಎಲ್ಲ ಮುಗಿದ ಮೇಲೆ ಡ್ರೈವರನನ್ನು ಕರೆದು ನಡುವಿನ ಕೋಣೆಯಲ್ಲಿ ನಿಲ್ಲಿಸಿದಳು.

“ಎರಡೂ ಕೈ ಚಾಚಿ.”

ಅವನ ಬೆರಳ ತುದಿಗಳು ಎರಡೂ ಗೋಡೆಗೆ ತಾಗಿದವು.

“ಹಾಗೇ ಇರಿ. ನಗಿ.”

“ಯಾಕಕ್ಕಾ? ನಗೋರಿಗೆ ನಾವೇ ದಾರಿ ತೋರಿಸಿದ ಹಾಗಲ್ವಾ?”

“ಬಂದು ನಗೋ ಬದಲು ಮನೇಲೇ ಕೂತು ನಗ್ಲಿ. ಇಷ್ಟೇ ಅಗಲ ಅಂತ ಗೊತ್ತಿದ್ದೂ ಬರ್ತಾರಲ್ಲ, ಅವರು ನಮಗೆ ಬೇಕಾದವರು.”

ಬ್ರೋಕರ್ ಆ ಫೋಟೋ ನೋಡಿ ಕುರ್ಚಿಯಿಂದ ಎದ್ದೇಬಿಟ್ಟ. ಉಳಿದವು ಚೆನ್ನಾಗಿವೆ, ಹಾಕುತ್ತೇನೆ, ಇದೊಂದನ್ನು ಮಾತ್ರ ತನ್ನ ಜೀವಮಾನದಲ್ಲಿ ಹಾಕುವುದಿಲ್ಲ ಎಂದ. “ಅಕ್ಕಾ, ಮನೆ ಮಾರೋಕೆ ಫೋಟೋ ತೆಗೀತಾರೆ. ನೀವು ಮಾರದೇ ಇರೋಕೆ ತೆಗೆದಿದ್ದೀರಿ.”

“ಹನ್ನೊಂದು ತಿಂಗಳು ಮಾರದೇ ಇದ್ದ ಫೋಟೋ ನಿಮ್ಮದು ಸಾರ್, ನನ್ನದಲ್ಲ.”

“ಕೌಂಟರ್ ಕೆಲಸವೂ ಇನ್ನಿಲ್ಲ ಹಾಗಾದ್ರೆ.”

“ಇದ್ದಿದ್ರೆ ತಾನೇ ಹೋಗೋಕೆ,” ಎಂದು ಆಕೆ ಬ್ಯಾಗಿನ ಜಿಪ್ ಎಳೆದಳು.

ಆಫೀಸು ಹಾಕದ ಫೋಟೋವನ್ನು ಡ್ರೈವರ್ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ತನ್ನ ವ್ಯಾನಿನ ಹಿಂದಿನ ಗಾಜಿಗೆ ಅಂಟಿಸಿಕೊಂಡ. ಕೆಳಗೆ ‘ಮನೆ ಮಾರಾಟಕ್ಕಿದೆ, ಅಗಲ ಇಷ್ಟೇ’ ಎಂದು ಕೈಯಾರೆ ಬರೆದ. ಕಪ್ಪುಗಳು ಶೆಡ್ಡಿಗೆ ಹೋದ ಸಂಕಟ ಅದರಲ್ಲಿ ಸ್ವಲ್ಪ ತೀರಿತೆಂದು ಹೆಂಡತಿ ನಗುತ್ತಿದ್ದಳು. ಈಗ ಊರೆಲ್ಲ ಅವನ ಮುಖವನ್ನೇ ನೋಡುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನ ಗಾಡಿಯವರು ಹಾರ್ನ್ ಹೊಡೆದು ಕೈ ಚಾಚಿ ತೋರಿಸಿ ನಗುತ್ತಿದ್ದರು. ನೋಡಲು ಬರುವವರು ಕಡಿಮೆಯಾದರು. ಮೂರು ವಾರದಲ್ಲಿ ಇಬ್ಬರೇ ಬಂದರು. ಆದರೆ ಆ ಇಬ್ಬರೂ ನಗಲಿಲ್ಲ. ಕೂತು ನೀರು ಕುಡಿದು, ಕಿಟಕಿಯ ಬಗ್ಗೆ ಮಾತಾಡಿ, ಯೋಚಿಸಿ ಹೇಳುತ್ತೇವೆಂದು ಹೋದರು. ಮತ್ತೆ ಬರಲಿಲ್ಲ. ಡ್ರೈವರನ ಹೆಂಡತಿ ಫೋನ್ ಮಾಡಿ, “ಅಕ್ಕಾ, ರೇಟ್ ಇಳಿಸಿಬಿಡೋಣ ಅಂತ ಇವರು ಹೇಳ್ತಿದ್ದಾರೆ,” ಎಂದಾಗ ಫೋಟೋ ಅಕ್ಕನಿಗೆ ತನ್ನ ಹಟಕ್ಕೆ ಇವರ ಮನೆ ಬಲಿಯಾಯಿತೇ ಎನ್ನಿಸಿತು. ಆದರೂ, “ಈ ತಿಂಗಳು ಕಳೀಲಿ,” ಎಂದಳು.

ತಿಂಗಳು ಕಳೆಯಲು ನಾಲ್ಕು ದಿನವಿದ್ದಾಗ ಒಂದು ಆಟೋ ಬಂದು ಮನೆಯ ಮುಂದೆ ನಿಂತಿತು. ಲೈಬ್ರರಿಯಲ್ಲಿ ಕೆಲಸ ಮಾಡುವ ಒಬ್ಬ ಮೇಡಂ ಇಳಿದರು, ಅವರ ಹಿಂದೆ ಅವರ ಗಂಡ. ಗಂಡ ವಿದ್ಯುತ್ ಲೈನ್‌ಮನ್ ಆಗಿದ್ದವರು. ಮೂವತ್ತು ವರ್ಷ ಕಂಬ ಹತ್ತಿದ ಮನುಷ್ಯ. ಪಾರ್ಶ್ವವಾಯು ಹೊಡೆದು ಎರಡು ವರ್ಷವಾಗಿತ್ತು, ಎಡಗಾಲು ಎಳೆಯುತ್ತಿತ್ತು. ಚಿಕಿತ್ಸೆಗೆ ಹೋಗುವ ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತಿದ್ದಾಗ ಎದುರಿಗೆ ನಿಂತಿದ್ದ ವ್ಯಾನಿನ ಗಾಜಿನಲ್ಲಿ ಆ ಫೋಟೋ ಕಂಡದ್ದು ಅವರಿಗೇ.

ಅಂದು ಫೋಟೋ ಅಕ್ಕ ಅಲ್ಲೇ ಇದ್ದಳು. ಮೇಡಂ ಗಂಡನ ತೋಳಿಗೆ ಕೈ ಹಾಕಲು ಹೋದರು. ಅವರು ಕೊಸರಿಕೊಂಡರು. “ಬಿಡು, ಅದಕ್ಕೇ ತಾನೇ ಬಂದಿರೋದು.” ಎಡಗೈಯನ್ನು ಗೋಡೆಗೆ ಆನಿಸಿ ಮುಂದಿನ ಕೋಣೆ ದಾಟಿದರು. ನಡುವಿನ ಕೋಣೆಯಲ್ಲಿ ಕಾಲು ಒಮ್ಮೆ ತಡವರಿಸಿತು. ಬಲಗೈ ತಾನಾಗಿಯೇ ಹೋಗಿ ಆಚೆ ಗೋಡೆಗೆ ಒತ್ತಿ ನಿಂತಿತು. ಕಿಟಕಿಯ ಬಳಿ ಸುಧಾರಿಸಿಕೊಂಡು, ಅಡುಗೆಮನೆ ದಾಟಿ, ಹಿತ್ತಿಲಿನ ಗೇಟನ್ನು ತಾವೇ ತೆಗೆದರು. ಎಲ್ಲೂ ಒಂದು ಮೆಟ್ಟಿಲಿಲ್ಲ, ಒಂದು ತಿರುವಿಲ್ಲ. ಅಲ್ಲಿಂದಲೇ ಕೂಗಿದರು:

“ಕೇಳಿಸ್ತೇನೇ? ಈ ಮನೇಲಿ ಬೀಳೋಕೆ ಜಾಗಾನೇ ಇಲ್ಲ!”

ಮೇಡಂ ಕಣ್ಣೊರೆಸಿಕೊಂಡು ನಕ್ಕರು. “ಎರಡು ವರ್ಷದಿಂದ ಎಷ್ಟು ಮನೆ ನೋಡಿದ್ವಿ,” ಎಂದರು. “ಎಲ್ಲ ಫೋಟೋದಲ್ಲೂ ದೊಡ್ಡ ದೊಡ್ಡ ಹಾಲು. ನಡುವೆ ನಿಂತ್ರೆ ಇವರಿಗೆ ಹಿಡ್ಕೊಳ್ಳೋಕೆ ಏನೂ ಇರ್ತಿರ್ಲಿಲ್ಲ. ಆ ಫೋಟೋ ನೋಡಿದ್ದೇ, ಆ ಮನುಷ್ಯನ ಕೈ ಎಟುಕಿದ್ರೆ ನನ್ನ ಕೈಯೂ ಎಟುಕುತ್ತೆ ಅಂದ್ರು.”

ರೇಟ್ ಇಳಿಸುವ ಮಾತೇ ಬರಲಿಲ್ಲ.

ಬ್ರೋಕರ್ ತನ್ನ ಆಫೀಸಿನ ಗೋಡೆಗೆ ಆ ಮನೆಯ ಚಿತ್ರ ಹಾಕಿ ಮೇಲೆ ‘ಆಗೋಯ್ತು’ ಎಂದು ಬರೆಸಿದ. ಕೈ ಚಾಚಿದ ಚಿತ್ರವನ್ನೇ ಹಾಕಿದ್ದ. ಆಮೇಲೆ ಫೋಟೋ ಅಕ್ಕನನ್ನು ಕರೆಸಿ, ಹಳೆಯದನ್ನೆಲ್ಲ ಹೊಟ್ಟೆಗೆ ಹಾಕಿಕೊಂಡು ಮತ್ತೆ ಬರಬೇಕು ಎಂದ. ಆಕೆ ಮೂರು ಮಾತು ಹೇಳಿದಳು: ಮನೆಗೆ ಎರಡು ದಿನ ಬೇಕು, ಇಲ್ಲದ ಅಗಲ ತೋರಿಸುವುದಿಲ್ಲ, ತನ್ನ ಚಿತ್ರದ ಕೆಳಗೆ ತನ್ನ ಬೋರ್ಡಿನ ಹೆಸರು ಇರಬೇಕು. ಮೂರನೆಯದಕ್ಕೆ ಅವನು ತಲೆ ಕೆರೆದುಕೊಂಡ. “ಒಂದು ಕಣ್ಣು ಅಂತ ಹಾಕಿದ್ರೆ ಗಿರಾಕಿಗಳು ಏನಂದ್ಕೊಳ್ತಾರೆ ಅಕ್ಕಾ?”

“ಒಂದು ಕಣ್ಣು ಅಂದ್ಕೊಳ್ತಾರೆ.”

ಅವನು ಕೆಲವು ಮನೆ ಕೊಟ್ಟ, ಕೆಲವು ಕೊಡಲಿಲ್ಲ. ಅವಸರದವರಿಗೆ ಇಂದಿಗೂ ಮೊಬೈಲೇ. ಆಕೆ ತೆಗೆದದ್ದೆಲ್ಲ ಮಾರಿಹೋಗುತ್ತದೆ ಎಂದೂ ಇಲ್ಲ. ದೊಡ್ಡ ಚರಂಡಿಯ ಪಕ್ಕದ ಒಂದು ಫ್ಲ್ಯಾಟಿಗೆ ನಾಲ್ಕು ಸಲ ಹೋಗಿ ಫೋಟೋ ತೆಗೆದಳು, ಚೆಂದವಾಗಿಯೇ ಬಂದವು, ಎರಡು ವರ್ಷವಾದರೂ ಅದು ಹಾಗೇ ಬಿದ್ದಿದೆ. “ವಾಸನೇನ ಫೋಟೋ ಏನು ಮಾಡುತ್ತೆ,” ಎನ್ನುತ್ತಾಳೆ, ಯಾರಾದರೂ ಚುಚ್ಚಿದರೆ.

ಹೋದ ತಿಂಗಳು ಬೆಟ್ಟದ ಕಡೆಗೆ ತೆರೆದ ಟೆರೇಸಿನ ಒಂದು ಮನೆಗೆ ಹೋಗಿದ್ದಳು. ಮೋಡ ಕವಿದಿತ್ತು. ಮನೆಯೊಡತಿಗೆ ತಾಳ್ಮೆ ಇರಲಿಲ್ಲ.

“ಆಕಾಶ ನೀಲಿ ಮಾಡೋಕೆ ಬರುತ್ತಂತಲ್ಲ ಅಕ್ಕಾ, ಕಂಪ್ಯೂಟರಲ್ಲಿ?”

“ಬರುತ್ತೆ. ಆದ್ರೆ ಅದು ತಾನೇ ಆಗುತ್ತೆ, ನಾಳೆ ಬರ್ತೀನಿ.”

ಮರುದಿನವೂ ಮೋಡ. ಅದರ ಮರುದಿನವೂ. ಮೂರನೇ ದಿನ ಮಧ್ಯಾಹ್ನವೆಲ್ಲ ಆಕೆ ಟೆರೇಸಿನ ಮೆಟ್ಟಿಲ ಮೇಲೆ ಕೂತೇ ಇದ್ದಳು. ಮನೆಯೊಡತಿ ಎರಡು ಸಲ ಚಹಾ ತಂದುಕೊಟ್ಟು, ಮೂರನೇ ಸಲ ತಾನೂ ಪಕ್ಕದಲ್ಲಿ ಕೂತಳು. ನಾಲ್ಕೂಕಾಲಿಗೆ ಮೋಡ ಪಡುವಣದಲ್ಲಿ ಸೀಳಿತು, ಬೆಟ್ಟದ ಮೇಲಿಂದ ಬಿಸಿಲು ಓರೆಯಾಗಿ ಬಂದು ಟೆರೇಸಿನ ಒದ್ದೆ ನೆಲದ ಮೇಲೆ ಹರಡಿತು. ಫೋಟೋ ಅಕ್ಕ ಎದ್ದು, ಕುರ್ಚಿಯನ್ನು ಎಡಕ್ಕೆ ಸರಿಸಿ, ಕ್ಯಾಮೆರಾ ಎತ್ತಿದಳು.